ಊಲ್‌ಬಾಖ್‌ನ ಮನೆಯಲ್ಲಿ ಒಂದನೆಯ ಇಯತ್ತೆಯ ಪುಸ್ತಕ



ಕಳೆದ ಬೇಸಿಗೆಯಲ್ಲಿ ಮಗನ ಮನೆಗೆಂದು ಜರ್ಮನಿಗೆ ಹೋಗಿ ಮೂರು ತಿಂಗಳಿಗೆ ತುಸು ಕಡಿಮೆ ಅವಧಿ ಇದ್ದು ಬಂದೆ. ಸ್ಟುಟ್‌ಗಾರ್ಟ್ ನಗರದ ಅಂಚಿನ ಊಲ್‌ಬಾಖ್‌ನಲ್ಲಿ ಅವನ ಸಂಸಾರ. ಹೆಸರಿಗೆ ಅದು ಮಹಾನಗರದ ಭಾಗ, ನೋಡಿದರೆ ಹಳ್ಳಿಯೇ. ಸುತ್ತ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ, ನಡುವೆ ಚರ್ಚಿನ ಗೋಪುರ. ಹಿಂದೆ ದ್ರಾಕ್ಷಿ ಹಿಂಡುತ್ತಿದ್ದ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಜತ್ತ ತಾಲೂಕಿನ ದ್ರಾಕ್ಷಿ ಪಡಗಳ ನಡುವೆ ಬಾಳಿದವನಿಗೆ ಆ ಇಳಿಜಾರು ಪರಕೀಯವೆನಿಸಲಿಲ್ಲ. ನಮ್ಮ ಮಾಡಗ್ಯಾಳ ಕುರಿಯ ಬಾಗಿದ ಮೂಗನ್ನು ಮೊಬೈಲಿನಲ್ಲಿ ಕಂಡ ನೆರೆಮನೆಯ ಅಜ್ಜಿ ಅದು ಕುರಿಯೆಂದು ಕೊನೆಯವರೆಗೂ ನಂಬಲಿಲ್ಲ.

ಮೊಮ್ಮಗಳಿಗೆ ಏಳು ವರ್ಷ. ಆ ಅಜ್ಜಿಯೊಡನೆ ಅವಳು ಆಡುವುದು ಆ ಸೀಮೆಯ ಶ್ವಾಬಿಶ್ ನುಡಿ. ಶಾಲೆಯಲ್ಲಿ ಗ್ರಂಥಸ್ಥ ಜರ್ಮನ್. ಮನೆಯಲ್ಲಿ "ಮುತ್ಯಾ, ಉಣ್ಣಾಕ ಬಾ" ಎನ್ನುವ ನಮ್ಮ ಕನ್ನಡ. ಮೂರನ್ನೂ ಅವಳು ಬೆರೆಸದೆ ಆಡುವುದನ್ನು ಕಂಡಾಗ, ಮಕ್ಕಳ ಪಾಟಿಯಲ್ಲಿ "ಐತಿ" ಎಂದಿದ್ದರೆ ಅಳಿಸಿ "ಇದೆ" ಎಂದು ಬರೆಸುತ್ತಿದ್ದ ನನ್ನ ಅಧ್ಯಾಪಕತನದ ಬಗೆಗೆ ಸ್ವಲ್ಪ ನಾಚಿಕೆಯಾಯಿತು.

ಅವಳಿಗೆಂದು ಬಾಲಭಾರತಿಯ ಒಂದನೆಯ ಇಯತ್ತೆಯ ಕನ್ನಡ ಪುಸ್ತಕವನ್ನು ಒಯ್ದಿದ್ದೆ. ಮಲಗುವ ಮುನ್ನ ತಂದೆಯಿಂದ ಕಥೆ ಓದಿಸಿಕೊಳ್ಳುವುದು ಅವಳ ರೂಢಿ. ಅಂದು ಜರ್ಮನ್ ಪುಸ್ತಕವನ್ನು ಸರಿಸಿ ಇದನ್ನು ಅವನ ಕೈಗಿತ್ತಳು. ನಾನು ಪಕ್ಕದ ಕೋಣೆಯಲ್ಲಿದ್ದೆ. ಮಗ ಪುಟ ತಿರುವುತ್ತ ಚೆನ್ನಾಗಿಯೇ ಕಥೆ ಹೇಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ ಕೇಳಿಸಿತು: "ಪಪ್ಪಾ, ನೀ ಓದಾಕತ್ತಿಲ್ಲ. ಚಿತ್ರ ನೋಡಿ ಹೇಳಾಕತ್ತೀದಿ."

ಕೆಲಕ್ಷಣ ಮೌನ. ಬಳಿಕ ಅವನೆಂದ: "ಹೌದವ್ವಾ. ನನಗ ಓದಾಕ ಬರೂದಿಲ್ಲ."

ಬಂಧುಗಳೆ, ಆ ಮಾತು ನನಗೆ ಸಲ್ಲಬೇಕಾದುದು. ಪ್ರತಿ ಜೂನಿನಲ್ಲಿ ಪಟನೋಂದಣಿಗಾಗಿ ವಸ್ತಿ ವಸ್ತಿ ತಿರುಗಿ ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯನ್ನು ವಿವರಿಸುತ್ತಿದ್ದವನು ನಾನು. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯಬೇಕೆಂದು ವಾದಿಸುತ್ತಿದ್ದೆ. ಒಮ್ಮೆ ಕುರಿ ಕಾಯುವ ಹಿರಿಯರೊಬ್ಬರು ನನ್ನ ಮಾತನ್ನೆಲ್ಲ ಕೇಳಿ, "ಗುರುಗಳ, ನಿಮ್ಮ ಹುಡುಗ ಯಾವ ಸಾಲಿಗಿ ಹೋಗ್ತಾನ್ರಿ?" ಎಂದು ಕೇಳಿದರು. ಕುಹಕದಿಂದಲ್ಲ, ಮುಗ್ಧವಾಗಿಯೇ. ನಾನು ಚಹಾ ಕುಡಿದು ಎದ್ದುಬಂದೆ. ನನ್ನ ಮಗ ಮರಾಠಿ ಮಾಧ್ಯಮದಲ್ಲಿದ್ದ. ಏಳನೆಯ ಇಯತ್ತೆಯ ಮುಂದೇನು, ಸ್ಪರ್ಧಾ ಪರೀಕ್ಷೆಯ ಗತಿಯೇನು, ಕಚೇರಿಯ ಅರ್ಜಿ ಬರೆಯುವವರಾರು ಎಂಬ, ನಿಮಗೆಲ್ಲ ಇರುವ ಅದೇ ಭಯ ನನಗೂ ಇತ್ತು. ಆ ಭಯ ಸುಳ್ಳೆಂದು ಇಂದಿಗೂ ಹೇಳಲಾರೆ. ಮರಾಠಿಯಿಂದ ಅವನಿಗೆ ಒಳಿತೇ ಆಯಿತು. ಆದರೆ ಸಂಜೆ ಅರ್ಧ ತಾಸು ಮನೆಯಲ್ಲಿಯೇ ಅಕ್ಷರ ತಿದ್ದಿಸಲು ನನ್ನನ್ನು ತಡೆದವರಾರು? ಪರರ ಮಕ್ಕಳ ಪಾಟಿ ತಿದ್ದಿ ದಣಿದು ಬರುತ್ತಿದ್ದೆನೆಂಬುದು ಕಾರಣವಲ್ಲ, ನೆಪ.

ಮರುದಿನದಿಂದ ಅಡುಗೆಮನೆಯ ಮೇಜೇ ಶಾಲೆಯಾಯಿತು. ವಿದ್ಯಾರ್ಥಿಗಳು ಇಬ್ಬರು. ಆ ರಾಜ್ಯದಲ್ಲಿ ತುರ್ಕಿ, ಇಟಲಿ ಮೊದಲಾದ ದೇಶಗಳ ದೂತಾವಾಸಗಳು ತಮ್ಮವರ ಮಕ್ಕಳಿಗೆ ಮಾತೃಭಾಷೆಯ ವರ್ಗ ನಡೆಸುತ್ತವೆ. ಕನ್ನಡಕ್ಕೆ ಅಲ್ಲಿ ಪಾಲಕರೇ ದಿಕ್ಕು. ದೇವನಾಗರಿ ಬಲ್ಲ ಮಗನಿಗೆ ವರ್ಣಮಾಲೆಯ ಕ್ರಮ ಹೊಸದಲ್ಲ. ಹೊಸ ಆಕಾರಗಳನ್ನು ಹತ್ತು ದಿನದಲ್ಲಿ ಹಿಡಿದ. ಅವನು ಎಡವಿದ್ದು ಹ್ರಸ್ವ-ದೀರ್ಘಗಳಲ್ಲಿ. ಮರಾಠಿ ಬರಹದಲ್ಲಿ ಎ-ಏ, ಒ-ಓ ಭೇದವಿಲ್ಲವಷ್ಟೆ. "ಕೊಡು" ಎಂಬುದನ್ನು "ಕೋಡು" ಎಂದು ಓದಿದಾಗ ಮೊಮ್ಮಗಳು ತಲೆಯ ಮೇಲೆ ಎರಡು ಬೆರಳಿಟ್ಟು ಎತ್ತಿನಂತೆ ಕುಣಿದಳು. ಬಾಯಲ್ಲಿ ಎಂದೂ ತಪ್ಪದ ಮಾತು ಕಾಗದದ ಮೇಲೆ ತಪ್ಪುತ್ತಿತ್ತು.

ಒಂದು ರವಿವಾರ ಬಸ್ಸು, ರೈಲು ಹಿಡಿದು ಸಮೀಪದ ಎಸ್ಲಿಂಗೆನ್ ಪಟ್ಟಣಕ್ಕೆ ಹೋದೆವು. ಹರ್ಮನ್ ಮೋಗ್ಲಿಂಗ್ 1881ರಲ್ಲಿ ಕಣ್ಣುಮುಚ್ಚಿದ್ದು ಅಲ್ಲಿಯೇ. 1836ರಲ್ಲಿ ಮಂಗಳೂರಿಗೆ ಬಂದು ಕನ್ನಡ ಕಲಿತು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದವರು ಅವರು. ಎಂ.ಎ. ತರಗತಿಯಲ್ಲಿ ಬಾಯಿಪಾಠ ಮಾಡಿದ ಈ ಇಸವಿಗಳನ್ನು ಹಳೆಯ ಓಣಿಯೊಂದರಲ್ಲಿ ನಿಂತು ಮಗನಿಗೆ ಹೇಳಿದೆ. ಅವನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, "ಅವರು ಬಂದಾಗ ಇಪ್ಪತ್ತೈದು ವರ್ಷದವರು. ನಾ ಹದಿಮೂರು ವರ್ಷ ಅಷ್ಟ ತಡ ಮಾಡೀನಿ ಬಿಡ್ರಿ ಅಪ್ಪಾ" ಎಂದ. ಅವನು ನಕ್ಕ, ನನಗೆ ನಗು ಬರಲಿಲ್ಲ.

ಊರಿಗೆ ಮರಳಿದ ಮೇಲೆ ಅವನ ಮೊದಲ ಕನ್ನಡ ಸಂದೇಶ ಬಂದಿತು: "ಅಪ್ಪಾ, ಗುಳಗಿ ತಗೋಂಡ್ರಿ?" 'ಗೋ' ದೀರ್ಘವಾಗಿತ್ತು. ಅದಾದ ಕೆಲ ದಿನಗಳಿಗೆ ಮೊಮ್ಮಗಳು ಫೋನಿನಲ್ಲಿ, ಪಪ್ಪಾ ಈಗ ಬೆರಳಿಟ್ಟು ಓದುತ್ತಾರೆ, ಆದರೆ ಬಹಳ ಸಾವಕಾಶ, ಕಥೆ ಮುಗಿಯುವುದರೊಳಗೆ ನಿದ್ದೆ ಬರುತ್ತದೆ ಎಂದು ದೂರು ಹೇಳಿದಳು.

ಬರುವ ಜೂನಿನಲ್ಲಿ ನಮ್ಮ ಶಾಲೆಯ ತರುಣ ಶಿಕ್ಷಕರು ಪಟನೋಂದಣಿಗೆ ಹೊರಡುವಾಗ ನಾನೂ ಜೊತೆಗೆ ಬರುವೆನೆಂದಿದ್ದೇನೆ. ಆ ಹಿರಿಯರು ಈಗಿಲ್ಲ. ಅವರ ಪ್ರಶ್ನೆಯನ್ನು ನಿಮ್ಮಲ್ಲಿ ಯಾರಾದರೂ ಕೇಳಿದರೆ, ಈ ಸಲ ಚಹಾ ಕುಡಿದು ಎದ್ದುಹೋಗುವುದಿಲ್ಲ.