ಕಬ್ಬಿನ ಬುಡ ಲೇಸರಿಗೆ ಕಾಣದು

ನಾನು ಕಬ್ಬಿನ ಅಳತೆಗೆ ಹೋಗುತ್ತಿದ್ದಾಗ ಉಡುಮಲಪೇಟೆ ಕೊಯಮತ್ತೂರು ಜಿಲ್ಲೆ. ತಿರುಪ್ಪೂರಿಗೆ ಸೇರಿದ್ದು 2009ರಲ್ಲಿ. ಅಮರಾವತಿ ನದಿಯ ನೀರಿನ ಗದ್ದೆಗಳಲ್ಲಿ ಕಬ್ಬಿನ ಎತ್ತರವನ್ನು ನಾವು ಗೆರೆ ಎಳೆದ ಬಿದಿರುಕೋಲಿನಿಂದ ಅಳೆಯುತ್ತಿದ್ದೆವು. ತಳಿಗಳು ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯವು. 1912ರಲ್ಲಿ ಶುರುವಾದ ಆ ಸಂಸ್ಥೆ 1918ರಲ್ಲಿ ಕೋ 205 ತಳಿ ಕೊಟ್ಟಿತು. ಮಂಡ್ಯದ ರೈತರಿಗೆ ಬಾಯಿಪಾಠವಾಗಿರುವ 62175 ಕೂಡ ಅಲ್ಲಿಯದೇ.

ಒಬ್ಬ ಕೋಲು ಹಿಡಿದು ಸಾಲಿಗೆ ನುಗ್ಗಬೇಕು, ಇನ್ನೊಬ್ಬ ಬದುವಿನ ಮೇಲೆ ನಿಂತು ಬರೆದುಕೊಳ್ಳಬೇಕು. ಒಳಗೆ ಹೋದವನ ಕೈ ಕುತ್ತಿಗೆಯೆಲ್ಲ ಗರಿ ಕೊಯ್ದ ಗೀರು. ಅಳತೆ ನೆಲದಿಂದ, ಪೂರ್ತಿ ಬಿಚ್ಚಿದ ಮೇಲಿನ ಎಲೆ ಜಲ್ಲೆಗೆ ಅಂಟಿದ ಕೊರಳಿನವರೆಗೆ. ಅದರಾಚೆಯ ಗರಿ ಲೆಕ್ಕಕ್ಕಿಲ್ಲ. ಆ ಕಾಲದ ಅಳತೆ ಚೊಕ್ಕ ಎನ್ನುವವರನ್ನು ನಂಬಬೇಡಿ. ಹಸಿಮಣ್ಣಿನಲ್ಲಿ ಕೋಲು ಎರಡು ಬೆರಳು ಇಳಿಯುತ್ತಿತ್ತು. ಕಣ್ಣು ಎತ್ತರದ ಜಲ್ಲೆಯನ್ನೇ ಹುಡುಕುತ್ತಿತ್ತು. ಬಿಸಿಲೇರಿದರೆ ಒಳಗೆ ನುಗ್ಗಲು ಯಾರೂ ತಯಾರಿಲ್ಲ, ಅಂಚಿನ ಸಾಲೇ ಇಡೀ ತಾಕಿನ ಲೆಕ್ಕ.

ಈಗ ಡ್ರೋನಿಗೆ ಕಟ್ಟಿದ ಲೇಸರ್ ಸ್ಕ್ಯಾನರ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಬೆಳಕು ಚಿಮ್ಮಿಸಿ, ಅದು ಮರಳಿ ಬರುವ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಒಂದು ನ್ಯಾನೊಸೆಕೆಂಡ್ ತಪ್ಪಿದರೆ ಅಳತೆ 15 ಸೆಂ.ಮೀ. ತಪ್ಪುತ್ತದೆ, ಯಂತ್ರದ ಗಡಿಯಾರ ಅಷ್ಟು ತಪ್ಪುವುದಿಲ್ಲ. ತಪ್ಪು ಹೆಚ್ಚಾಗಿ ಗದ್ದೆಯಲ್ಲಿ. ತುದಿಯ ಗರಿ ಸಪೂರ, ಕಿರಣ ಅದನ್ನು ಬಿಟ್ಟು ಕೆಳಗಿನ ಎಲೆಗೆ ತಾಗಿದರೆ ಬೆಳೆ ಗಿಡ್ಡವಾಗುತ್ತದೆ. ಕಿರಣದ ಅರ್ಧ ಎಲೆಯಂಚಿಗೂ ಅರ್ಧ ಕೆಳಕ್ಕೂ ಬಿದ್ದರೆ, ಎರಡರ ನಡುವೆ ಏನೂ ಇಲ್ಲದ ಕಡೆ ಒಂದು ಚುಕ್ಕೆ ಮೂಡುತ್ತದೆ. ಮೇಲಾಗಿ ಪಾಲ್ಘಾಟಿನ ಕಣಿವೆಯಿಂದ ನುಗ್ಗುವ ಗಾಳಿ. ಆಡಿ (ಆಷಾಢ) ತಿಂಗಳಲ್ಲಿ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಎಂಬುದು ಅಲ್ಲಿನ ಗಾದೆ. ಗರಿ ಒಂದೆಡೆ ನಿಂತೀತೆ? ಗಾಳಿಗೆ ಬಿದ್ದ ಕಬ್ಬನ್ನು ನಾವು ಎತ್ತಿ ಹಿಡಿದು ಅಳೆಯುತ್ತಿದ್ದೆವು. ಲೇಸರಿಗೆ ಆಳೆತ್ತರ ಮೀರಿದ ಜಲ್ಲೆಯೂ ಮಲಗಿದರೆ ಮೊಣಕಾಲೆತ್ತರ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಬುಡದ್ದು. ಬೆಳೆ ಮುಚ್ಚಿಕೊಂಡ ಮೇಲೆ ಮೇಲಿನಿಂದ ನೆಲ ಕಾಣದು. ಹಾಗಾಗಿ ನಾಟಿಗೆ ಮುಂಚಿನ ಬರಿನೆಲದ ಸ್ಕ್ಯಾನ್ ಇಟ್ಟುಕೊಂಡು, ಬೆಳೆಯ ಸ್ಕ್ಯಾನಿನಿಂದ ಅದನ್ನು ಕಳೆದು ಎತ್ತರ ತೆಗೆಯುತ್ತಾರೆ. ಕಬ್ಬಿಗೆ ಈ ಲೆಕ್ಕ ಒಗ್ಗುವುದಿಲ್ಲ. ಬಿತ್ತನೆ ತುಂಡು ಊರುವುದು ಬೋದುಗಳ ನಡುವಿನ ತಗ್ಗು ಸಾಲಿನಲ್ಲಿ. ಮೂರ್ನಾಲ್ಕು ತಿಂಗಳಿಗೆ ಮಣ್ಣು ಏರಿಸಿದಾಗ ಸಾಲಿದ್ದಲ್ಲಿ ಬೋದು, ಬೋದಿದ್ದಲ್ಲಿ ಸಾಲು. ಹಳೆಯ ನಕ್ಷೆಯ ನೆಲ ಗದ್ದೆಯಲ್ಲೇ ಇರುವುದಿಲ್ಲ.

ಇಷ್ಟಾದರೂ ನನ್ನ ಮತ ಲೇಸರಿಗೇ. ತುದಿಯಲ್ಲಿ ಅದರ ತಪ್ಪು ಹೆಚ್ಚಾಗಿ ಗಿಡ್ಡದ ಕಡೆಗೇ ವಾಲುವುದರಿಂದ ತಿದ್ದಬಹುದು, ಬುಡದ ತಪ್ಪನ್ನು ನೆಲ ಇನ್ನೊಮ್ಮೆ ಅಳೆದು ತಿದ್ದಬಹುದು. ನಮ್ಮದು ಆಳಿಗೊಂದು, ಹೊತ್ತಿಗೊಂದು. ಆದರೆ ಸ್ಕ್ಯಾನರ್ ಹಿಡಿದು ಬರುವ ಹುಡುಗರೇ, ಮಣ್ಣು ಏರಿಸಿದ ವಾರ ನೆಲವನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿ, ತಾಕಿಗೆ ಹತ್ತು ಜಲ್ಲೆಯನ್ನಾದರೂ ಕೋಲಿನಿಂದ ಅಳೆದು ತಾಳೆ ನೋಡಿ. ಅಂಚಿನ ಸಾಲಿನದ್ದು ಬೇಡ, ಒಳಗೆ ನುಗ್ಗಿ.