ಕದ್ದು ಎಣ್ಣೆ ಕುಡಿಯುವ ಕಾರುಗಳು

ಅಂಬಾಸಿಡರ್ ಕಾಲದ ಚಾಲಕನಿಗೆ ಬೆಳಗಿನ ಕಾರ್ಯಕ್ರಮವೊಂದಿತ್ತು. ಕಾರು ಒರೆಸಿ, ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿಗೆ ಊದುಬತ್ತಿ ಹಚ್ಚಿ, ಆಮೇಲೆ ಬಾನೆಟ್ ಎತ್ತುತ್ತಿದ್ದ. ರೇಡಿಯೇಟರಿಗೆ ಒಂದು ಚೊಂಬು ನೀರು ಹಾಕಿ, ಎಂಜಿನ್ನಿನ ಪಕ್ಕದಲ್ಲಿ ಸಿಕ್ಕಿಸಿದ ಉದ್ದನೆಯ ಕಡ್ಡಿಯನ್ನು ಎಳೆದು, ಹೆಗಲ ಮೇಲಿನ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಿದ್ದ. ಆಯಿಲ್ ಕಡಿಮೆಯಿದ್ದರೆ ಡಿಕ್ಕಿಯಲ್ಲಿ ಸದಾ ಇರುತ್ತಿದ್ದ ಡಬ್ಬದಿಂದ ಒಂದಿಷ್ಟು ಸುರಿಯುತ್ತಿದ್ದ. ಆ ಕಾರು ಎಣ್ಣೆ ಕುಡಿಯುತ್ತದೆಂಬುದು ಗುಟ್ಟೇನೂ ಆಗಿರಲಿಲ್ಲ. ಹಿಂದೆ ಬರುವ ಸ್ಕೂಟರಿನವನ ಮುಖಕ್ಕೆ ನೀಲಿ ಹೊಗೆ ಬಿಟ್ಟು, ನಿಂತಲ್ಲೆಲ್ಲ ನೆಲಕ್ಕೆ ನಾಲ್ಕು ಹನಿ ಚೆಲ್ಲಿ, ತನ್ನ ಚಟವನ್ನು ಅದು ಊರಿಗೆಲ್ಲ ಸಾರುತ್ತಿತ್ತು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆ ಬೆಳಗಿನ ಕಾರ್ಯಕ್ರಮ ಅದಕ್ಕೂ ಮೊದಲೇ ನಿಂತುಹೋಗಿತ್ತು. ಇಂದಿನ ಕಾರಿನ ಯಜಮಾನರಲ್ಲಿ ಬಾನೆಟ್ ಎತ್ತುವ ಸನ್ನೆ ಎಲ್ಲಿದೆಯೆಂದು ತಿಳಿಯದವರೂ ಇದ್ದಾರೆ. ಎತ್ತಿದರೂ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. ಕೆಲವು ದುಬಾರಿ ಜರ್ಮನ್ ಕಾರುಗಳಲ್ಲಂತೂ ಆ ಕಡ್ಡಿಯನ್ನೇ ತೆಗೆದುಹಾಕಿ, ಅಳತೆಯ ಕೆಲಸವನ್ನು ಎಲೆಕ್ಟ್ರಾನಿಕ್ ಸೆನ್ಸರಿಗೆ ಒಪ್ಪಿಸಿದ್ದಾರೆ. ಹೊಸ ಕಾರು ಎಣ್ಣೆ ಕುಡಿಯುವುದಿಲ್ಲವೆಂಬ ನಂಬಿಕೆ ಹೀಗೆ ತಾನಾಗಿ ಬೆಳೆದುಬಿಟ್ಟಿದೆ. ಆದರೆ ಕುಡಿಯುವ ಹೊಸ ಕಾರುಗಳು ಇವೆ. ಚಟ ಹೊರಗೆ ಕಾಣುವುದಿಲ್ಲ, ಅಷ್ಟೆ.

ಎಣ್ಣೆ ಒಳಗೆ ಹೋಗುವ ದಾರಿ ಯಾವುದು? ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ಉಂಗುರಗಳು. ಮೇಲಿನ ಎರಡು ಉರಿಯುವ ಅನಿಲ ಕೆಳಗಿಳಿಯದಂತೆ ತಡೆಯುತ್ತವೆ. ಮೂರನೆಯದು ಆಯಿಲ್ ರಿಂಗ್. ದೋಸೆ ಕಾವಲಿಗೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರುವುದನ್ನು ನೆನೆಸಿಕೊಳ್ಳಿ. ಹೆಚ್ಚಾದುದನ್ನು ಬದಿಗೆ ತಳ್ಳಿ, ಹೊಳಪಿನಷ್ಟೇ ತೆಳುವಾದ ಪದರ ಉಳಿಸಬೇಕು. ಈ ಉಂಗುರದ ಕೆಲಸವೂ ಅದೇ. ಸಿಲಿಂಡರಿನ ಗೋಡೆಯಿಂದ ಕೆರೆದ ಎಣ್ಣೆ, ಪಿಸ್ಟನ್ನಿನ ಸಣ್ಣ ರಂಧ್ರಗಳ ಮೂಲಕ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಉಳಿದ ಪದರದಲ್ಲಿ ಒಂದಿಷ್ಟು ಉರಿದೇ ಉರಿಯುತ್ತದೆ. ಎಣ್ಣೆಯನ್ನು ಒಂದು ತೊಟ್ಟೂ ಉರಿಸದ ಎಂಜಿನ್ ಇಲ್ಲ.

ಇಲ್ಲಿ ಕಾರು ಕೊಳ್ಳುವವನ ಮೊದಲ ಪ್ರಶ್ನೆ ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂಬುದು. ಸರಕಾರಗಳ ಪ್ರಶ್ನೆಯೂ ಅದೇ. ಇಂಧನ ಕಡಿಮೆ ಉರಿಯಬೇಕು, ಹೊಗೆ ಕಡಿಮೆಯಾಗಬೇಕು. ಎಂಜಿನ್ನಿನ ಒಳಗಿನ ಘರ್ಷಣೆಯಲ್ಲಿ ಈ ಉಂಗುರಗಳದು ದೊಡ್ಡ ಪಾಲು. ಆದ್ದರಿಂದ ಎಂಜಿನಿಯರುಗಳು ಅವುಗಳ ಬಿಗಿಯನ್ನು ಸಡಿಲಿಸಿದರು. ಹಿಂದಿನ 20ಡಬ್ಲ್ಯು-40 ಎಂಬ ಮಂದ ಎಣ್ಣೆಯ ಜಾಗಕ್ಕೆ ನೀರಿನಂತೆ ಹರಿಯುವ 0ಡಬ್ಲ್ಯು-20 ಬಂತು. ಎಣ್ಣೆ ಬದಲಿಸುವ ಅವಧಿ 10,000 ಕಿಲೋಮೀಟರಿಗೆ, ಕೆಲವೆಡೆ 15,000ಕ್ಕೆ ಏರಿತು. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಸಡಿಲ ಉಂಗುರ, ತೆಳು ಎಣ್ಣೆ, ದೀರ್ಘ ಅವಧಿ ಮೂರೂ ಸೇರಿದಾಗ ತಪ್ಪಿಗೆ ಜಾಗ ಬಹಳ ಕಿರಿದಾಗುತ್ತದೆ. ಹಳೆಯ ಎಣ್ಣೆ ಕಾದು ಕರಿಕಟ್ಟಿ, ಪಿಸ್ಟನ್ನಿನ ಆ ಸಣ್ಣ ರಂಧ್ರಗಳು ಮುಚ್ಚಿಕೊಂಡವೆನ್ನಿ. ಕೆರೆದ ಎಣ್ಣೆಗೆ ಇಳಿಯಲು ದಾರಿಯಿಲ್ಲ. ಉಂಗುರ ತನ್ನ ಗಾಡಿಯಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಎಣ್ಣೆಯೆಲ್ಲ ಮೇಲಕ್ಕೇ, ಬೆಂಕಿಗೇ.

ಇದು ಹೆಸರುವಾಸಿ ಕಂಪನಿಗಳಿಗೂ ಆಗಿದೆ. ಇಲ್ಲಿಂದ ಅಮೆರಿಕಕ್ಕೆ ಹೋದ ಎಷ್ಟೋ ಹುಡುಗರು ‘ಕೆಡುವುದೇ ಇಲ್ಲ’ ಎಂದು ಕಣ್ಣುಮುಚ್ಚಿ ಕೊಳ್ಳುವ ಹಳೆಯ ಟೊಯೊಟಾ ಕ್ಯಾಮ್ರಿಯನ್ನೇ ನೋಡಿ. ಅದರ 2007ರಿಂದ 2009ರವರೆಗಿನ ಮಾದರಿಗಳ 2.4 ಲೀಟರ್ ಎಂಜಿನ್ ಎಣ್ಣೆ ಉರಿಸುತ್ತದೆಂಬ ದೂರು ಬಲವಾದಾಗ, 2015ರಲ್ಲಿ ಕಂಪನಿ ವಾರಂಟಿಯನ್ನು ವಿಸ್ತರಿಸಿ, ಪರೀಕ್ಷೆಯಲ್ಲಿ ಸೋತ ಕಾರುಗಳ ಪಿಸ್ಟನ್, ರಿಂಗುಗಳನ್ನು ಬದಲಿಸಿಕೊಟ್ಟಿತು. 1,200 ಮೈಲಿಗೆ ಒಂದು ಕ್ವಾರ್ಟ್, ಎಂದರೆ ಹೆಚ್ಚುಕಡಿಮೆ ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್, ಮೀರಿ ಕುಡಿದರೆ ಮಾತ್ರ ಸೋತಂತೆ. ಸುಬಾರು ಕಂಪನಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2016ರ ರಾಜಿಯಲ್ಲಿ ಅದು ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಿತು. ಕೆಲವು ಯುರೋಪಿನ ಕಂಪನಿಗಳ ಲೆಕ್ಕವಂತೂ ಇನ್ನೂ ಉದಾರ: ಸಾವಿರ ಕಿಲೋಮೀಟರಿಗೆ ಸುಮಾರು ಒಂದು ಲೀಟರ್ ಹೋದರೂ ಅವರ ಪ್ರಕಾರ ದೋಷವಲ್ಲ, ‘ನಾರ್ಮಲ್’.

ಈ ‘ನಾರ್ಮಲ್’ ಎಂಬ ಮಾತಿನ ಭಾರ ಯಾರ ಹೆಗಲಿಗೆ ಬೀಳುತ್ತದೆಂಬುದು ಮೈಸೂರಿನ ಟ್ಯಾಕ್ಸಿ ಚಾಲಕರೊಬ್ಬರಿಗೆ ಗೊತ್ತು. ಸಾಲ ಮಾಡಿ ಕೊಂಡ ಕಾರು. ಸರ್ವೀಸಿಗೆ ಒಂದು ದಿನವೂ ತಡಮಾಡಿದವರಲ್ಲ. ಕಂಪನಿಯ ವರ್ಕ್‌ಶಾಪಿನವರು ಗಾಜಿಗೆ ಅಂಟಿಸಿದ ಚೀಟಿಯಲ್ಲಿನ ಕಿಲೋಮೀಟರಿಗೆ ಸರಿಯಾಗಿ ಕಾರು ಒಯ್ದು ನಿಲ್ಲಿಸುತ್ತಿದ್ದರು. ಒಮ್ಮೆ ಮಂಗಳೂರಿಗೆ ಬಾಡಿಗೆ. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ತಿರುವಿನಲ್ಲಿ ಕೆಂಪು ದೀಪವೊಂದು ಮಿಣುಕಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಮಿಣುಕಿತು. ಹಿಂದಿನ ಸೀಟಿನಲ್ಲಿ ಮದುವೆಗೆ ಹೊರಟವರು, ಮುಹೂರ್ತದ ಗಡಿಬಿಡಿ. ಸುಳ್ಯ ತಲುಪುವ ಮೊದಲೇ ಎಂಜಿನ್ನಿನಲ್ಲಿ ಟಕಟಕ ಸದ್ದು ಎದ್ದು, ಸ್ವಲ್ಪ ದೂರದಲ್ಲಿ ಕಾರು ನಿಂತೇಬಿಟ್ಟಿತು. ಬೇರಿಂಗ್ ಹಿಡಿದುಕೊಂಡಿತ್ತು. ಚೇಂಬರ್ ಬಿಚ್ಚಿದಾಗ ಸಿಕ್ಕ ಎಣ್ಣೆ ಒಂದು ಲೀಟರಿಗೂ ಕಡಿಮೆ. ಸರ್ವೀಸ್ ಆಗಿ ಆರು ಸಾವಿರ ಕಿಲೋಮೀಟರ್ ಕೂಡ ಆಗಿರಲಿಲ್ಲ.

‘ಸಾವಿರಕ್ಕೆ ಅರ್ಧ ಲೀಟರ್‌ವರೆಗೂ ನಾರ್ಮಲ್ ಸಾರ್, ಬುಕ್ಕಲ್ಲೇ ಇದೆ. ಮಧ್ಯೆ ನೀವು ಚೆಕ್ ಮಾಡ್ಕೋಬೇಕಿತ್ತು’ ಎಂದ ವರ್ಕ್‌ಶಾಪಿನ ಹುಡುಗ.

‘ಅಲ್ಲ ಸ್ವಾಮಿ, ಸಾವಿರಕ್ಕೆ ಅರ್ಧ ಅಂದ್ರೆ ಹತ್ತು ಸಾವಿರಕ್ಕೆ ಐದು ಲೀಟರ್ ಆಯ್ತು. ಈ ಚೇಂಬರು ಹಿಡಿಯೋದೇ ಮೂರೂವರೆ. ಮತ್ತೆ ಹತ್ತು ಸಾವಿರಕ್ಕೆ ಬನ್ನಿ ಅಂತ ಚೀಟಿ ಅಂಟಿಸ್ದೋರು ಯಾರು?’

ಆ ಲೆಕ್ಕಕ್ಕೆ ಹುಡುಗನಲ್ಲಿ ಉತ್ತರವಿರಲಿಲ್ಲ. ಅವನ ಮೇಲಿನವರಲ್ಲೂ ಇರಲಿಲ್ಲ. ಪುಸ್ತಕದ ಯಾವುದೋ ಪುಟದಲ್ಲಿ ‘ಆಗಾಗ ಎಣ್ಣೆಯ ಮಟ್ಟ ಪರೀಕ್ಷಿಸಿ’ ಎಂದು ಅಚ್ಚಾಗಿರುವುದು ನಿಜ. ಆದರೆ ಕಾರು ಮಾರುವ ದಿನ ಬ್ಲೂಟೂತಿನಿಂದ ಹಿಡಿದು ಬಣ್ಣದ ದೀಪದವರೆಗೆ ಎಲ್ಲವನ್ನೂ ತೋರಿಸುವವರು ಆ ಕಡ್ಡಿಯನ್ನು ಮಾತ್ರ ಎಳೆದು ತೋರಿಸುವುದಿಲ್ಲ. ಕೊನೆಗೆ ಚಾಲಕರು ಶಿವಾಜಿನಗರದ ಗುಜರಿಯಿಂದ ಹಳೆಯ ಎಂಜಿನ್ ತಂದು ಕೂರಿಸಿದರು. ಎಂಜಿನ್ ನಂಬರ್ ಬದಲಾದ್ದರಿಂದ ಆರ್‌ಟಿಒ ಕಚೇರಿಗೆ ಅಲೆದು ಆರ್‌ಸಿ ತಿದ್ದಿಸಬೇಕಾಯಿತು. ಅದು ಮುಗಿಯುವವರೆಗೆ ಬೇರೆಯವರ ಕಾರಿಗೆ ದಿನಗೂಲಿಯ ಡ್ರೈವರ್. ಕಂತು ಮಾತ್ರ ತನ್ನ ಕಾರಿಗೇ ಕಟ್ಟುತ್ತಿದ್ದರು.

ಆ ಕೆಂಪು ದೀಪದ ಬಗ್ಗೆ ಒಂದು ಮಾತು ಹೇಳಲೇಬೇಕು. ಗಿಂಡಿಯ ಆಕಾರದ ಆ ದೀಪ ಎಣ್ಣೆ ಎಷ್ಟಿದೆಯೆಂದು ಹೇಳುವುದಿಲ್ಲ. ಬಹುಪಾಲು ಕಾರುಗಳಲ್ಲಿ ಅದು ಹೇಳುವುದು ಎಣ್ಣೆಯ ಒತ್ತಡವನ್ನು. ಎಣ್ಣೆ ತಳ ಕಂಡಾಗ, ತಿರುವಿನಲ್ಲಿ ಇದ್ದಷ್ಟೂ ಒಂದು ಬದಿಗೆ ಸರಿದು ಪಂಪು ಗಾಳಿ ಹೀರುತ್ತದೆ, ದೀಪ ಮಿಣುಕುತ್ತದೆ. ನೇರ ರಸ್ತೆಗೆ ಬಂದಾಗ ಆರುತ್ತದೆ. ಆರಿತಲ್ಲ ಎಂದು ಸಮಾಧಾನಪಟ್ಟವರೇ ಹೆಚ್ಚು ಕೆಟ್ಟವರು. ಅದು ಹತ್ತಿದ ಕ್ಷಣವೇ ಕಾರನ್ನು ಬದಿಗೆ ಹಾಕಿ ಎಂಜಿನ್ ನಿಲ್ಲಿಸಬೇಕು, ಮುಹೂರ್ತ ಮೀರಿದರೂ ಸರಿ.

ಹೊಗೆ ನೋಡಿ ಪತ್ತೆಹಚ್ಚುವ ಹಳೆಯ ವಿದ್ಯೆಯೂ ಈಗ ಅಷ್ಟಾಗಿ ನಡೆಯದು. ಸೈಲೆನ್ಸರಿನ ದಾರಿಯಲ್ಲಿ ಕೂರುವ ಕ್ಯಾಟಲಿಟಿಕ್ ಕನ್ವರ್ಟರ್, ಎಣ್ಣೆಯ ಹೊಗೆ ಅತಿಯಾಗದಿದ್ದರೆ ಅದನ್ನೂ ಸುಟ್ಟುಬಿಡುತ್ತದೆ. ಉಪಕಾರವೇ, ಆದರೆ ಎಣ್ಣೆಯಲ್ಲಿನ ರಂಜಕ ಮೆತ್ತಿಕೊಂಡು ಆ ದುಬಾರಿ ಭಾಗವೇ ಕ್ರಮೇಣ ಸಾಯುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೂರು ಕಿಲೋಮೀಟರ್ ತೆವಳಿ ನಿಲ್ಲುವ ಕಾರುಗಳದು ಇನ್ನೊಂದು ತಮಾಷೆ. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್ನುಗಳಲ್ಲಿ, ಎಂಜಿನ್ ಸರಿಯಾಗಿ ಕಾಯದಿದ್ದರೆ, ಒಂದಿಷ್ಟು ಪೆಟ್ರೋಲ್ ಕೆಳಗಿಳಿದು ಎಣ್ಣೆಗೆ ಸೇರುತ್ತದೆ. ಕಡ್ಡಿಯಲ್ಲಿ ಮಟ್ಟ ಭರ್ತಿಯಾಗಿಯೇ ಕಾಣುತ್ತದೆ. ದೀಪಾವಳಿಗೆ ಊರಿಗೆ ಹೊರಟು ಹೆದ್ದಾರಿಯಲ್ಲಿ ನಾಲ್ಕು ಗಂಟೆ ಓಡಿಸಿದಾಗ ಪೆಟ್ರೋಲ್ ಆವಿಯಾಗಿ, ನಿಜವಾದ ಎಣ್ಣೆ ಎಷ್ಟೆಂಬುದು ಬಯಲಾಗುತ್ತದೆ.

ಮೆಕ್ಯಾನಿಕ್ಕಿಗೆ ಹೇಳಿದರೆ ಸಿಗುವ ಮೊದಲ ಮದ್ದು ‘ದಪ್ಪ ಆಯಿಲ್ ಹಾಕ್ಸಿ ಸಾರ್’. ಹಾಕಿದರೆ ಕೆಲವು ದಿನ ಖರ್ಚು ತಗ್ಗುವುದುಂಟು. ಆದರೆ ತೆಳು ಎಣ್ಣೆಗೆಂದೇ ಕೊರೆದ ಕಿರಿದಾದ ದಾರಿಗಳಲ್ಲಿ ಅದು ನಿಧಾನಕ್ಕೆ ಸಾಗುತ್ತದೆ, ಮುಖ್ಯವಾಗಿ ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ. ಹಳೆಯ ಕಾರು ಮಾರುವ ಕೆಲವರ ನೆಚ್ಚಿನ ಉಪಾಯವೂ ಇದೇ: ದಪ್ಪ ಎಣ್ಣೆ ತುಂಬಿ, ಗಿರಾಕಿ ಬರುವ ಮೊದಲೇ ಎಂಜಿನ್ ಕಾಯಿಸಿಟ್ಟಿರುತ್ತಾರೆ. ಕೊಳ್ಳುವವರು ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ನನ್ನು ತಾವೇ ಸ್ಟಾರ್ಟ್ ಮಾಡಿ ನೋಡುವುದು ಲೇಸು. ಮೊದಲ ಕ್ಷಣದಲ್ಲಿ ನೀಲಿ ಹೊಗೆ ಬುಸ್ಸೆಂದರೆ, ಇಲ್ಲವೆ ಘಾಟಿ ಇಳಿದು ಆಕ್ಸಿಲರೇಟರ್ ಒತ್ತಿದಾಗ ಬಂದರೆ, ವಾಲ್ವಿನ ಸೀಲುಗಳ ಮೇಲೆ ಅನುಮಾನ. ಅದು ರಿಂಗಿನಷ್ಟು ದೊಡ್ಡ ರೋಗವಲ್ಲ. ಚೇಂಬರಿನ ಹಬೆಯನ್ನು ಹೊರಕ್ಕೆಳೆಯುವ ಪಿಸಿವಿ ವಾಲ್ವ್ ಕೆಟ್ಟರೂ ಎಣ್ಣೆ ಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಅದು ಸಣ್ಣ, ಅಗ್ಗದ ಸಾಮಾನು. ಎಂಜಿನ್ ಬಿಚ್ಚಿ ಎನ್ನುವವರ ಮಾತಿಗೆ ಮುಂಚೆ ಅದನ್ನು ನೋಡಿಸಬೇಕು.

ಅಳತೆಗೆ ದೊಡ್ಡ ವಿದ್ಯೆಯೇನೂ ಬೇಡ. ಸಮನಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಅದ್ದಿ ನೋಡುವುದು. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಸಾಮಾನ್ಯವಾಗಿ ಒಂದು ಲೀಟರಿನ ಅಂತರ. ಮೇಲಿನ ಗೆರೆ ದಾಟಿಸಿ ತುಂಬಿದರೂ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಕೆಡುಕೇ. ಸಾವಿರ ಕಿಲೋಮೀಟರಿಗೊಮ್ಮೆ ಹಾಕಿದ ಎಣ್ಣೆಯನ್ನೂ ಮೀಟರಿನ ಅಂಕಿಯನ್ನೂ ಪುಸ್ತಕದಲ್ಲಿ ಬರೆದಿಟ್ಟು, ಎಣ್ಣೆ ಕೊಂಡ ರಸೀತಿಯನ್ನು ಅದರೊಳಗೇ ಇಡಬೇಕು. ಎಣ್ಣೆ ಹೆಚ್ಚು ಹೋಗುತ್ತಿದೆಯೆನಿಸಿದರೆ ವಾರಂಟಿ ಮುಗಿಯುವ ಮುನ್ನ ವರ್ಕ್‌ಶಾಪಿನಲ್ಲಿ ಆಯಿಲ್ ಕನ್ಸಂಪ್ಷನ್ ಟೆಸ್ಟ್ ಕೇಳಬಹುದು. ಅವರು ಭರ್ತಿ ಮಾಡಿ ಸೀಲು ಹಾಕಿ, ಸಾವಿರ ಕಿಲೋಮೀಟರ್ ಓಡಿಸಿ ಬನ್ನಿ ಎನ್ನುತ್ತಾರೆ. ಬಂದ ಫಲಿತಾಂಶವನ್ನು ಜಾಬ್ ಕಾರ್ಡಿನಲ್ಲಿ ಲೀಟರಿನ ಲೆಕ್ಕದಲ್ಲೇ ಬರೆಸಿಕೊಳ್ಳಬೇಕು. ‘ನಾರ್ಮಲ್’ ಎಂದಷ್ಟೇ ಬರೆದುಕೊಟ್ಟರೆ ಸಹಿ ಹಾಕದೆ ಅಂಕಿ ಕೇಳಿ. ನಾಳೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ಸಂದರ್ಭ ಬಂದರೆ ಅಲ್ಲಿ ಮೊದಲು ಕೇಳುವುದು ಆ ಕಾಗದವನ್ನೇ.