ಅಪ್ಪನ ಲಾರಿ ನಿಲ್ಲುತ್ತಿದ್ದ ಊಟಿ

ಊಟಿಗೆ ಹೊರಟವರು ನನ್ನನ್ನು ಮೊದಲು ಕೇಳುವುದು, ‘ಒಂದೇ ದಿನದಲ್ಲಿ ಎಷ್ಟು ಪಾಯಿಂಟ್ ನೋಡಬಹುದು?’ ಅಂತ. ನನ್ನ ಹತ್ತಿರವೂ ಒಂದು ಪಟ್ಟಿ ಇತ್ತು. ಬೊಟಾನಿಕಲ್ ಗಾರ್ಡನ್, ಕೆರೆ, ದೊಡ್ಡಬೆಟ್ಟ, ಟೀ ಫ್ಯಾಕ್ಟರಿ, ಒಟ್ಟು ಏಳು ಜಾಗ. ಆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಅವ್ವನನ್ನು ಕರೆದುಕೊಂಡು ಹೋಗಿದ್ದೆ.

ನಮ್ಮದು ಹೆಮ್ಮಿಗೆ. ಹೊಳೆ, ಗದ್ದೆ, ಆಚೆ ತಲಕಾಡಿನ ಮರಳು. ಬೆಟ್ಟ ಎಂದರೆ ದೂರದಲ್ಲಿ ಕಾಣುವ ನೀಲಿ ಗೀಟು. ಅಪ್ಪ ಹದಿನೆಂಟು ವರ್ಷ ತರಕಾರಿ ಲಾರಿ ಓಡಿಸಿದ್ದ. ಊಟಿಯಿಂದ ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ ತುಂಬಿಕೊಂಡು ಮೈಸೂರಿಗೆ ಬರುತ್ತಿದ್ದ. ಮನೆಗೆ ಬಂದಾಗ ಟವೆಲಿನಲ್ಲಿ ಒಂದು ಗಂಟು ಕ್ಯಾರೆಟ್ ಇರುತ್ತಿತ್ತು, ಮಣ್ಣು ಹತ್ತಿದ್ದು. ಅವ್ವ ಅಷ್ಟು ವರ್ಷ ಊಟಿಯ ಕ್ಯಾರೆಟ್ಟು ತಿಂದಳು, ಊಟಿ ನೋಡಲಿಲ್ಲ. ‘ಮುಂದಿನ ಸುಗ್ಗಿ ಆಗ್ಲಿ’ ಎನ್ನುತ್ತಿದ್ದ ಅಪ್ಪ ಸುಗ್ಗಿಗೆ ಮೊದಲೇ ಹೋಗಿಬಿಟ್ಟ. ವರ್ಷದ ಕಾರ್ಯ ಮುಗಿದು ಎರಡು ತಿಂಗಳಾದ ಮೇಲೆ ನಾನು ಹೊರಡಿಸಿದಾಗ ಬೀದಿಯಲ್ಲಿ ಮಾತು ಬಂತು: ‘ಗಂಡ ಸತ್ತು ಇನ್ನೂ ಕಣ್ಣೀರು ಆರಿಲ್ಲ, ಊಟಿ ನೋಡಕ್ಕೆ ಹೊಂಟವ್ಳೆ.’ ಅವ್ವ ಕೇಳಿಸಿಕೊಂಡೂ ಕೇಳಿಸದಂತೆ ಸೀರೆ ಮಡಿಸಿ ಚೀಲಕ್ಕೆ ಹಾಕಿದಳು.

ನಂಜನಗೂಡಿನಲ್ಲಿ ಬೆಳಗಿನ ಊಟಿ ಬಸ್ಸು ಹತ್ತಿದೆವು. ಸ್ವಂತ ಗಾಡಿಯಲ್ಲಿ ಹೋಗುವವರು ಮನೆಯಲ್ಲೇ ಇ-ಪಾಸ್ ಮಾಡಿಸಿಕೊಳ್ಳಿ. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2024ರ ಮೇ ತಿಂಗಳಿಂದ ಅದು ಬಂದಿದೆ. ಪ್ಲಾಸ್ಟಿಕ್ ಬಾಟಲಿಯನ್ನು ನೀಲಗಿರಿಯ ಗಡಿಯಲ್ಲಿ ಬಿಡುವುದಿಲ್ಲ, ಸ್ಟೀಲಿನ ಚೊಂಬೋ ಬಾಟಲಿಯೋ ಇರಲಿ. ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಮಸಿನಗುಡಿ ಮೇಲೆ ಹೋದರೆ ಸುಮಾರು 30 ಕಿ.ಮೀ. ಉಳಿಯುತ್ತದೆ, ಆದರೆ ಕಲ್ಹಟ್ಟಿ ಘಾಟಿಯ 36 ತಿರುವುಗಳು ತೀರಾ ಕಡಿದು. ಹೊಸಬರಿಗೆ ಗೂಡಲೂರಿನ ದಾರಿಯೇ ವಾಸಿ. ಆ ದಾರಿಯಲ್ಲಿಯೂ ಅವ್ವ ಎರಡು ಸಲ ವಾಂತಿ ಮಾಡಿಕೊಂಡಳು. ನಮ್ಮ ಕಡೆಯ ಬಯಲು ಸಮುದ್ರಮಟ್ಟದಿಂದ 650 ಮೀಟರಿನ ಆಸುಪಾಸು, ಊಟಿ 2,240. ಬೆಳಿಗ್ಗೆ ಇಡ್ಲಿ ತಿನ್ನಿಸಿದ್ದು ನನ್ನದೇ ತಪ್ಪು. ಖಾಲಿ ಹೊಟ್ಟೆಗೂ ಬೇಡ, ತುಂಬಿದ ಹೊಟ್ಟೆಗೂ ಬೇಡ. ಮುಂದಿನ ಸೀಟು, ಕೈಯಲ್ಲೊಂದು ನಿಂಬೆಹಣ್ಣು.

ಊಟಿಯಲ್ಲಿ ಇಳಿದ ಕೂಡಲೇ ನಾನು ಪಟ್ಟಿ ತೆಗೆದೆ. ಗಾರ್ಡನ್ನಿನ ಹುಲ್ಲುಹಾಸಿನ ಮೇಲೆ ಅವ್ವನನ್ನು ನಿಲ್ಲಿಸಿ ಫೋಟೊ ತೆಗೆದೆ. ಅವಳು ಶಾಲು ಹೊದ್ದು ಯಾರದೋ ಮನೆಗೆ ಬಂದವಳಂತೆ ನಿಂತಿದ್ದಳು. ಕೆರೆಯ ಹತ್ತಿರ ಟಿಕೆಟ್ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಆಮೇಲೆ ಕೇಳಿದಳು:

‘ಮಗ, ನಿಮ್ಮಪ್ಪ ಲಾರಿ ನಿಲ್ಲುಸ್ತಿದ್ದ ಜಾಗ ಯಾವ್ದು?’

ನನಗೆ ಗೊತ್ತಿರಲಿಲ್ಲ. ನಾಲ್ಕಾರು ಸಲ ಬಂದಿದ್ದೆ, ಗೆಳೆಯರ ಜೊತೆ. ಒಮ್ಮೆಯೂ ಅಪ್ಪನನ್ನು ಕೇಳಿರಲಿಲ್ಲ. ‘ದೊಡ್ಡಬೆಟ್ಟ ನೋಡ್ಕೊಂಡು ಬರಣ, ಹೊತ್ತಾಯ್ತದೆ’ ಎಂದೆ, ಸ್ವಲ್ಪ ಗಡುಸಾಗಿಯೇ. ‘ನೀ ನೋಡ್ಕಂಡ್ ಬಾ, ನಾ ಇಲ್ಲೇ ಕೂತಿರ್ತೀನಿ’ ಎಂದಳು. ಏಳಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅವಳೇ ನೆನಪು ಮಾಡಿಕೊಂಡಳು: ‘ಕೇತಿ ಕೇತಿ ಅನ್ನೋನು.’

ಕೇತಿ ಗೊತ್ತಿತ್ತು. ಊಟಿಗೂ ಕೂನೂರಿಗೂ ನಡುವಿನ ಕಣಿವೆ, ಪುಟಾಣಿ ರೈಲಿನ ಒಂದು ನಿಲ್ದಾಣ. ಈ ರೈಲಿನ ಬಗ್ಗೆ ಒಂದು ಮಾತು. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿ.ಮೀ.; 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಬಂತು; 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದ್ದು, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಆಲ್ಪ್ಸ್ ಪರ್ವತದ ರೈಲುಗಳಿಗೂ ದುಡಿದ ಸ್ವಿಟ್ಜರ್ಲೆಂಡಿನ ರೋಮನ್ ಆಪ್ಟ್ ಎಂಬ ಎಂಜಿನಿಯರನ ಉಪಾಯ ಅದು. ಹಳೆಯ ಉಗಿ ಎಂಜಿನ್ನುಗಳೂ ಆ ದೇಶದ ವಿಂಟರ್‌ಥೂರ್‌ನವು. ಆದರೆ ಹಲ್ಲಿನ ಹಳಿ ಇರುವುದು ಕಲ್ಲಾರಿನಿಂದ ಕೂನೂರಿನವರೆಗೆ ಮಾತ್ರ. ಊಟಿಯಿಂದ ಕೂನೂರಿಗೆ ಹೋಗಿ ‘ಸ್ವಿಸ್ ರೈಲು ಹತ್ತಿದೆ’ ಎನ್ನುವ ಮೈಸೂರಿನವರು ನಿಜವಾಗಿ ಹತ್ತಿರುವುದಿಲ್ಲ. ನಾನೂ ಹಾಗೆ ಬಡಾಯಿ ಕೊಚ್ಚಿದವನೇ.

ಕೇತಿಯಲ್ಲಿ ಇಳಿದೆವು. ಇಳಿಜಾರಿನ ತುಂಬ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್ ಹೊಲ. ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಕ್ಯಾರೆಟ್ ಸೊಪ್ಪು ಕತ್ತರಿಸುತ್ತಿದ್ದಳು, ತಲೆಗೆ ಬಿಳಿ ಬಟ್ಟೆ. ನಾನು ಹರಕುಮುರುಕು ತಮಿಳಿನಲ್ಲಿ ಏನೋ ಕೇಳಲು ಹೋದೆ. ಅಷ್ಟರಲ್ಲಿ ಅವ್ವ ನಮ್ಮ ಮಾತಿನಲ್ಲೇ ಶುರುಮಾಡಿದ್ದಳು. ಆಕೆ ತನ್ನ ಮಾತಿನಲ್ಲಿ ಉತ್ತರಿಸಿದಳು. ಮನೆ, ನೀರು, ಎಮ್ಮೆ, ಹಬ್ಬ, ಹಟ್ಟಿ, ಎಲ್ಲ ಅಲ್ಲಲ್ಲೇ ಕೇಳಿಸುತ್ತಿತ್ತು. ಆಕೆ ಬಡಗರವಳು. ಬಡಗ ಎಂದರೆ ಬಡಗಣ, ಉತ್ತರದಿಂದ ಬಂದವರು. ತಮ್ಮ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದರೆಂದು ಅವರಲ್ಲಿ ಹೇಳುತ್ತಾರೆ. ಇದನ್ನು ನಾನು ಓದಿ ತಿಳಿದಿದ್ದೆ. ಅವ್ವನಿಗೆ ಅದು ಬೇರೆ ಭಾಷೆ ಅನ್ನುವುದೇ ತಿಳಿಯಲಿಲ್ಲ. ‘ಊರಾಚೆ ಹೆಂಗಸು, ಒಸಿ ಗಾಂಚಾರವಾಗಿ ಮಾತಾಡ್ತಾಳೆ’ ಎಂದಳು ನನಗೆ.

ಅಪ್ಪನ ಹೆಸರು ಹೇಳಿದರೆ ಆಕೆಗೆ ನೆನಪಾಗಲಿಲ್ಲ. ಎಷ್ಟೋ ಲಾರಿ, ಎಷ್ಟೋ ಡ್ರೈವರು. ಆದರೆ ಕ್ಯಾರೆಟ್ ತೊಳೆಯುವಲ್ಲಿ ಮೈಸೂರಿನ ಲಾರಿಗಳು ಸಾಲಾಗಿ ನಿಲ್ಲುತ್ತಿದ್ದ ತಿರುವನ್ನು ಕೈ ಮಾಡಿ ತೋರಿಸಿದಳು. ಅವ್ವ ಅಲ್ಲಿಗೆ ಹೋಗಿ ಒಂದು ಕಲ್ಲಿನ ಮೇಲೆ ಕುಳಿತಳು. ಒಂದು ಗಂಟೆಗೂ ಮೇಲೆ. ನಾನು ಫೋಟೊ ತೆಗೆಯಲಿಲ್ಲ. ಪಕ್ಕದ ಹಳ್ಳ ನೋಡಿ ‘ಈ ನೀರು ನಮ್ ಹೊಳೆಗೆ ಬತ್ತದಾ?’ ಎಂದಳು. ನಮ್ಮೂರಿಗೆ ಬರುವುದಿಲ್ಲ; ಇದು ಭವಾನಿ ಸೇರಿ, ಕೆಳಗೆ ಭವಾನಿ ಪಟ್ಟಣದ ಹತ್ತಿರ ನಮ್ಮ ಕಾವೇರಿಯನ್ನು ಕೂಡುತ್ತದೆ ಎಂದೆ. ‘ನಮ್ಮೂರ್ ದಾಟುದ್ ಮೇಲಾ?’ ‘ಹೂಂ ಅವ್ವ, ದಾಟುದ್ ಮೇಲೆ.’

ವಾಪಸ್ಸು ಬರುವಾಗ ಗಡಿಯಾರದ ಮೇಲೆ ಕಣ್ಣಿರಲಿ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಪ್ರಾಣಿಗಳಿಗಾಗಿ 2009ರಿಂದ ಈ ನಿಷೇಧವಿದೆ. ನಾವು ದಾಟಿದಾಗ ಇನ್ನೂ ಇಪ್ಪತ್ತು ನಿಮಿಷ ಬಾಕಿ. ಅವ್ವ ನಿದ್ದೆ ಹೋಗಿದ್ದಳು, ಮಡಿಲಲ್ಲಿ ಟವೆಲಿನ ಗಂಟು. ಆಕೆ ದುಡ್ಡು ತೆಗೆದುಕೊಳ್ಳದೆ ಕೊಟ್ಟದ್ದು, ಮಣ್ಣು ತೊಳೆದಿರಲಿಲ್ಲ.